ಕಣಜವೋ ಬುತ್ತಿಯೋ: ಲಿನಕ್ಸ್ ಪ್ಯಾಕೇಜುಗಳು ಒಂದಕ್ಕೊಂದು ಹೊಂದದ ಕಥೆ

ಕಲಬುರಗಿ ಜಿಲ್ಲೆಯ ಕಮಲಾಪುರದ ಒಂದು ಕಾಲೇಜಿನವರಿಗೆ ಲ್ಯಾಬಿನ ಕಂಪ್ಯೂಟರುಗಳಲ್ಲಿ ಕನ್ನಡ ಟೈಪಿಂಗ್ ಬೇಕಾಗಿತ್ತು. ಯಂತ್ರಗಳಲ್ಲಿ ಉಬುಂಟು ಇತ್ತು, ಇಂಟರ್ನೆಟ್ ಇರಲಿಲ್ಲ. ಕಲಬುರಗಿಯಲ್ಲೇ ಐಬಸ್-ಎಂ17ಎನ್ ಎಂಬ ಪ್ಯಾಕೇಜನ್ನು ಪೆನ್ ಡ್ರೈವಿಗೆ ಇಳಿಸಿಕೊಂಡು ಕಮಲಾಪುರದ ಮೇಲೆ ಹೋಗುವ ಹುಮನಾಬಾದ್ ಬಸ್ ಹತ್ತಿದೆ. ಕಡತ ಒಂದು ಎಂಬಿಯಷ್ಟೂ ಇಲ್ಲ, ಹತ್ತು ನಿಮಿಷದ ಕೆಲಸ ಅಂದುಕೊಂಡಿದ್ದೆ. ಪ್ಯಾಕೇಜ್ ಕೂರಿಸುವ ಡಿಪಿಕೆಜಿ ಆಜ್ಞೆ ಕೊಟ್ಟ ಕೂಡಲೇ ಟರ್ಮಿನಲ್ ತಕರಾರು ತೆಗೆಯಿತು: ಇದಕ್ಕೆ ಲಿಬ್‌ಎಂ17ಎನ್ ಬೇಕು, ಅದು ಇಲ್ಲಿಲ್ಲ. ಮರುದಿನ ಅದನ್ನೂ ಒಯ್ದೆ. ಅದು ಲಿಬ್‌ಒಟಿಎಫ್ ಕೇಳಿತು. ಯಾವ ಕೀಲಿ ಒತ್ತಿದರೆ ಯಾವ ಕನ್ನಡ ಅಕ್ಷರ ಎಂಬ ಕೋಷ್ಟಕ ಇರುವುದು ಎಂ17ಎನ್-ಡಿಬಿ ಎಂಬ ಮತ್ತೊಂದು ಪ್ಯಾಕೇಜಿನಲ್ಲಿ. ಅದೂ ನನ್ನ ಹತ್ತಿರ ಇರಲಿಲ್ಲ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಲ್ಯಾಬ್ ಅಟೆಂಡರ್ ಕೇಳಿದ: "ಇದಕ್ಕ ಇನ್ನಾ ಎಷ್ಟ್ ಮಂದಿ ಬೀಗ್ರು ಅದಾರ್ರೀ ಸರ?"

ಬೀಗರು ಎಂಬ ಮಾತು ನನ್ನ ತಲೆಯಲ್ಲಿ ಉಳಿಯಿತು. ಲಿನಕ್ಸ್ ಬಳಸುವವರು ಇದನ್ನು ಡಿಪೆಂಡೆನ್ಸಿ ಎರರ್ ಅನ್ನುತ್ತಾರೆ. ಒಂದು ಸಾಫ್ಟ್‌ವೇರ್ ನಡೆಯಲು ಇನ್ನೊಂದು ಬೇಕು. ಆ ಇನ್ನೊಂದು ಸಿಗುತ್ತಿಲ್ಲ, ಇಲ್ಲವೇ ಸಿಕ್ಕಿದ್ದು ಬೇಕಾದ ಆವೃತ್ತಿಯದಲ್ಲ. ತೊಂದರೆ ಇಷ್ಟೇ. ಇದನ್ನು ಬಗೆಹರಿಸುವ ಬಗೆ ಯಾವುದು ಎಂಬ ಜಗಳಕ್ಕೆ ಮಾತ್ರ ಮೂವತ್ತು ವರ್ಷ ದಾಟಿದೆ. ದೂರದಿಂದ ನೋಡಿದರೆ ಇದು ತಂತ್ರಜ್ಞರ ಒಳಜಗಳ. ನನಗೆ ಕಂಡಂತೆ ಇದು ಹೊರೆಯ ಪ್ರಶ್ನೆ: ಇಷ್ಟೊಂದು ತುಂಡುಗಳನ್ನು ಹೊಂದಿಸಿಡುವ ಕೆಲಸ ಯಾರದು? ಉಬುಂಟುವಿನಂಥ ಲಿನಕ್ಸ್ ವಿತರಣೆ ನಡೆಸುವವರದೋ, ಪ್ರೋಗ್ರಾಂ ಬರೆದವರದೋ, ಬಳಸುವವನ ಡಿಸ್ಕು ಮತ್ತು ಡೇಟಾ ಪ್ಯಾಕಿನದೋ? ಈ ಜಗಳದ ನಾಲ್ಕು ಪಂಥಗಳಲ್ಲಿ ಒಂದೊಂದೂ ಹೊರೆಯನ್ನು ಒಬ್ಬರ ತಲೆಯಿಂದ ಇಳಿಸಿ ಇನ್ನೊಬ್ಬರ ತಲೆಗೆ ಏರಿಸಿದೆ.

ಬೀಗರು ಯಾಕೆ ಬೇಕು

ಹಿಂದೆ ಹಳ್ಳಿಗಳಲ್ಲಿ ಮದುವೆಯ ಅಡುಗೆಗೆ ದೊಡ್ಡ ಹಂಡೆ, ಕೊಪ್ಪರಿಗೆ ಗುಡಿಯಿಂದ ಬರುತ್ತಿದ್ದವು. ಮನೆಮನೆಗೂ ಒಂದೊಂದು ಕೊಪ್ಪರಿಗೆ ಯಾರೂ ಕೊಳ್ಳುತ್ತಿರಲಿಲ್ಲ. ಲಿನಕ್ಸ್‌ನ ಹಂಚಿಕೆಯ ಲೈಬ್ರರಿಗಳು ಇದೇ ಲೆಕ್ಕದವು. ಅಕ್ಷರ ಜೋಡಿಸುವುದು, ಚಿತ್ರ ಬಿಚ್ಚುವುದು, ಗುಟ್ಟಾಗಿ ಸಂದೇಶ ಕಳಿಸುವುದು ಇಂಥ ಕೆಲಸಗಳನ್ನು ಪ್ರತಿ ಪ್ರೋಗ್ರಾಂ ಹೊಸದಾಗಿ ಬರೆದುಕೊಳ್ಳುವುದಿಲ್ಲ. ಎಲ್ಲರಿಗೂ ಸೇರಿದ ಲೈಬ್ರರಿ ಒಂದು ಕಡೆ ಇರುತ್ತದೆ, ಬೇಕಾದವರು ಕರೆದು ಕೆಲಸ ಮಾಡಿಸಿಕೊಳ್ಳುತ್ತಾರೆ. ಡಿಸ್ಕ್ ಉಳಿಯುತ್ತದೆ, ಮೆಮೊರಿ ಉಳಿಯುತ್ತದೆ. ಕಷ್ಟ ಬರುವುದು ಯಾರೋ ಗುಡಿಯ ಹಂಡೆ ಬದಲಿಸಿದಾಗ. ಹೊಸ ಹಂಡೆ ಚೆನ್ನಾಗಿಯೇ ಇದೆ, ಆದರೆ ನಮ್ಮ ಒಲೆಗೆ ಕೂರುವುದಿಲ್ಲ.

ಕನ್ನಡದ್ದೇ ಸರಳ ಉದಾಹರಣೆ ಇದೆ. ಡೆಬಿಯನ್‌ನಲ್ಲಿ ಫಾಂಟ್ಸ್-ಕೆಎನ್‌ಡಿಎ ಎಂಬ ಪ್ಯಾಕೇಜ್ ಇದೆ. ತೆರೆದು ನೋಡಿದರೆ ಒಳಗೆ ಒಂದೂ ಅಕ್ಷರ ಇಲ್ಲ. ಲೋಹಿತ್, ನವಿಲು, ಗುಬ್ಬಿ ಫಾಂಟುಗಳ ಪ್ಯಾಕೇಜುಗಳನ್ನು ತನ್ನ ಬೆನ್ನಿಗೆ ಕಟ್ಟಿಕೊಂಡು ಬರುವುದಷ್ಟೇ ಅದರ ಕೆಲಸ. ಬರಿ ಬೀಗತನದಿಂದಲೇ ಬದುಕುವ ಪ್ಯಾಕೇಜು ಅನ್ನಬಹುದು. ನೆಟ್ ಇದ್ದ ಯಂತ್ರದಲ್ಲಿ ಇದು ವರ. ಒಂದೇ ಹೆಸರು ಹೇಳಿದರೆ ಕನ್ನಡದ ಫಾಂಟೆಲ್ಲ ಬಂದು ಕೂರುತ್ತವೆ. ಅದನ್ನೇ ಪೆನ್ ಡ್ರೈವಿನಲ್ಲಿ ಒಯ್ದರೆ ಖಾಲಿ ಚೀಲ ಒಯ್ದ ಹಾಗೆ.

ಸಿ.ಡಿ.ಯ ಕಾಲ

1993ರಲ್ಲಿ ಸ್ಲ್ಯಾಕ್‌ವೇರ್ ಬಂದಾಗ ಪ್ಯಾಕೇಜ್ ಅಂದರೆ ಒತ್ತಿ ಕಟ್ಟಿದ ಕಡತಗಳ ಗಂಟು. ಯಾವುದಕ್ಕೆ ಯಾವುದು ಬೇಕು ಎಂದು ಯಂತ್ರ ಕೇಳುತ್ತಿರಲಿಲ್ಲ. ಬಳಸುವವನೇ ಓದಿ ತಿಳಿಯಬೇಕಿತ್ತು. ಇಂದಿಗೂ ಸ್ಲ್ಯಾಕ್‌ವೇರ್ ಭಕ್ತರು ಇದನ್ನು ದೋಷ ಎಂದು ಒಪ್ಪುವುದಿಲ್ಲ. ಅದೇ ವರ್ಷ ಇಯಾನ್ ಮರ್ಡಾಕ್ ಶುರುಮಾಡಿದ ಡೆಬಿಯನ್, ಪ್ರತಿ ಪ್ಯಾಕೇಜಿಗೂ ಒಂದು ಚೀಟಿ ಅಂಟಿಸುವ ಪದ್ಧತಿ ತಂದಿತು. ಹೆಸರು, ಆವೃತ್ತಿ, ಯಾವುದನ್ನು ಅವಲಂಬಿಸಿದೆ, ಯಾವುದರೊಡನೆ ಕೂಡಿ ಬಾಳುವುದಿಲ್ಲ ಎಲ್ಲವೂ ಆ ಚೀಟಿಯಲ್ಲಿ. 1995ರಲ್ಲಿ ರೆಡ್ ಹ್ಯಾಟ್ ತನ್ನ ಆರ್‌ಪಿಎಂ ತಂದಾಗಲೂ ಇಂಥದೇ ಚೀಟಿ ಇತ್ತು.

ಚೀಟಿ ಬಂದದ್ದರಿಂದ ತಪ್ಪು ಗೊತ್ತಾಗತೊಡಗಿತು, ಬಗೆಹರಿಯಲಿಲ್ಲ. ಡಿಪಿಕೆಜಿ, ಆರ್‌ಪಿಎಂ ಎರಡೂ "ಇಂಥದು ಇಲ್ಲ" ಎಂದು ಹೇಳಿ ಕೈಕಟ್ಟಿ ನಿಲ್ಲುತ್ತಿದ್ದವು. ಹುಡುಕಿ ತರುವ ಕೆಲಸ ನಮ್ಮದು. ಕಂಪ್ಯೂಟರ್ ಪತ್ರಿಕೆಗಳ ಜತೆ ಬರುತ್ತಿದ್ದ ಲಿನಕ್ಸ್ ಸಿ.ಡಿ.ಗಳೇ ಆಗ ನಮ್ಮ ಕಡೆಯ ಹುಡುಗರಿಗೆ ಆಸರೆ. ಪಿಸಿ ಕ್ವೆಸ್ಟ್ ಕೊಟ್ಟ ಡಿಸ್ಕ್, ಆಮೇಲೆ 2003ರಲ್ಲಿ ಶುರುವಾದ ಲಿನಕ್ಸ್ ಫಾರ್ ಯು ಕೊಟ್ಟ ಡಿಸ್ಕ್ ಕೈಯಿಂದ ಕೈಗೆ ಹೋಗಿ ಗೀಚಿಹೋಗಿರುತ್ತಿದ್ದವು. ಎರಡನೇ ಡಿಸ್ಕ್ ಕಳೆದವನ ಪಾಡಂತೂ ಕೇಳಬೇಡಿ. ಬೇಕಾದ ಲೈಬ್ರರಿ ಯಾವಾಗಲೂ ಅದರಲ್ಲೇ ಇರುತ್ತಿತ್ತು. ಇಂಗ್ಲಿಷಿನವರು ಈ ಅವಸ್ಥೆಗೆ ಆರ್‌ಪಿಎಂ ಹೆಲ್ ಎಂದರು, ನರಕವೇ.

1999ರ ಮಾರ್ಚಿನಲ್ಲಿ ಬಂದ ಡೆಬಿಯನ್ 2.1ರ ಜತೆ ಆಪ್ಟ್ ಬಂತು. ಚೀಟಿ ಓದಿ, ಬೇಕಾದದ್ದನ್ನೆಲ್ಲ ತಾನೇ ವಿತರಣೆಯ ಭಂಡಾರದಿಂದ ಇಳಿಸಿ, ಸರಿಯಾದ ಕ್ರಮದಲ್ಲಿ ಕೂರಿಸುವ ಸಾಧನ ಅದು. ಆರ್‌ಪಿಎಂ ಕಡೆಯವರಿಗೆ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಸೇಥ್ ವೈಡಲ್ ಬೆಳೆಸಿದ ಯಮ್ ಸಿಕ್ಕಿತು. ಫೆಡೋರಾ 2015ರಲ್ಲಿ ಅದನ್ನು ಬಿಟ್ಟು ಡಿಎನ್‌ಎಫ್‌ಗೆ ಹೋಯಿತು. 2005ರಿಂದ 2011ರವರೆಗೆ ಉಬುಂಟುವಿನವರು ಕೇಳಿದವರ ಮನೆಗೆ ಬಿಟ್ಟಿಯಾಗಿ ಸಿ.ಡಿ. ಕಳಿಸಿದರು. ಅಂಚೆಯಣ್ಣ ತಂದುಕೊಟ್ಟ ಆ ಲಕೋಟೆಯಿಂದಲೇ ಲಿನಕ್ಸ್ ಕಂಡವರು ನಮ್ಮ ಊರಿನಲ್ಲಿ ಬಹಳ. ಆದರೆ ಆ ಸಿ.ಡಿ.ಯಲ್ಲಿ ಇಲ್ಲದ್ದು ಬೇಕಾದರೆ ನೆಟ್ ಬೇಕು, ನೆಟ್ ಕೆಫೆಯಲ್ಲಿ ಕೂತರೆ ಆಪ್ಟ್ ಓಡಿಸಲು ಬರುವುದಿಲ್ಲ.

ಕಣಜದವರು

ಮೊದಲನೆಯ ಪಂಥ ಡೆಬಿಯನ್, ಉಬುಂಟು, ಫೆಡೋರಾ ವಿತರಣೆಗಳದ್ದು. ಇವರ ವಾದ ಹೀಗಿದೆ: ಒಂದೇ ಕಣಜ ಇರಲಿ, ಅದರಲ್ಲಿ ಪ್ರತಿ ಲೈಬ್ರರಿಯದು ಒಂದೇ ಆವೃತ್ತಿ ಇರಲಿ, ಎಲ್ಲರೂ ಅದಕ್ಕೆ ಹೊಂದಿಕೊಳ್ಳಲಿ. ಹೊಂದಿಸುವ ಹೊರೆ ಪ್ಯಾಕೇಜ್ ನೋಡಿಕೊಳ್ಳುವ ಸ್ವಯಂಸೇವಕರದು. 2023ರ ಜೂನಿನಲ್ಲಿ ಬಂದ ಡೆಬಿಯನ್ 12ರಲ್ಲಿ 64 ಸಾವಿರಕ್ಕೂ ಹೆಚ್ಚು ಪ್ಯಾಕೇಜುಗಳಿದ್ದವು. ಅಷ್ಟನ್ನೂ ಒಂದಕ್ಕೊಂದು ಜಗಳವಾಡದಂತೆ ಕೂರಿಸಿ ಹೊರಬಿಡುವುದು, ಅದರಲ್ಲೂ ಹೆಚ್ಚಿನವರು ಸಂಬಳವಿಲ್ಲದೆ ಮಾಡುವುದು, ಸಣ್ಣ ಮಾತಲ್ಲ.

ಈ ಪದ್ಧತಿಯ ಲಾಭ 2014ರ ಏಪ್ರಿಲ್‌ನಲ್ಲಿ ಎಲ್ಲರಿಗೂ ಕಂಡಿತು. ಗುಟ್ಟಿನ ಸಂದೇಶದ ಲೈಬ್ರರಿಯಾದ ಓಪನ್ ಎಸ್‌ಎಸ್‌ಎಲ್‌ನಲ್ಲಿ ಹಾರ್ಟ್‌ಬ್ಲೀಡ್ ಎಂಬ ತೂತು ಸಿಕ್ಕಾಗ, ಕಣಜದ ಒಂದು ಲೈಬ್ರರಿ ಬದಲಿಸಿ ಸರ್ವೀಸುಗಳನ್ನು ಮರಳಿ ಚಾಲೂ ಮಾಡಿದರೆ ಅದನ್ನು ನಂಬಿದ್ದ ಪ್ರೋಗ್ರಾಂಗಳೆಲ್ಲ ಸರಿಹೋದವು.

ಎರರ್ ಬರುವುದಕ್ಕೆ ಈ ಪಂಥ ಕೊಡುವ ಕಾರಣವೂ ನೇರ: ನೀವು ಕಣಜದ ಹೊರಗಿನದನ್ನು ಬೆರೆಸಿದಿರಿ. ಸ್ಥಿರ ಆವೃತ್ತಿಯ ಮೇಲೆ ಪ್ರಯೋಗದ ಆವೃತ್ತಿಯದು, ಡೆಬಿಯನ್ ಮೇಲೆ ಉಬುಂಟುವಿನದು, ಯಾರದೋ ಪಿಪಿಎ ಅಂದರೆ ಖಾಸಗಿ ಭಂಡಾರದ್ದು ಹಾಕಿಕೊಂಡಿರಿ. ಡೆಬಿಯನ್‌ನವರೇ ಇಂಥ ಬೆರಕೆಗೆ ಫ್ರಾಂಕನ್‌ಡೆಬಿಯನ್ ಎಂದು ಹೆಸರಿಟ್ಟು, ಮಾಡಬೇಡಿ ಎಂದು ಬರೆದಿದ್ದಾರೆ. ನಾನು ನೋಡಿದ ಎರರ್‌ಗಳಲ್ಲಿ ಬಹುಪಾಲು ಈ ಬಗೆಯವೇ. ಯಾವುದೋ ವಿಡಿಯೊ ನೋಡಿ ಮೂರು ಪಿಪಿಎ ಸೇರಿಸಿದ ಹುಡುಗನಿಗೆ ಆರು ತಿಂಗಳ ನಂತರ ಯಾವುದು ಎಲ್ಲಿಂದ ಬಂತು ಎಂಬ ನೆನಪು ಇರುವುದಿಲ್ಲ, ಯಂತ್ರಕ್ಕೆ ಇರುತ್ತದೆ.

ಆದರೆ ಕಣಜದವರೇ ಹಂಡೆ ಬದಲಿಸುವ ದಿನವೂ ಬರುತ್ತದೆ. 32 ಬಿಟ್ ಯಂತ್ರಗಳ ಗಡಿಯಾರದ ಲೆಕ್ಕ 2038ರ ಜನವರಿಯಲ್ಲಿ ಮುಗಿದುಹೋಗುತ್ತದೆ. ಅದಕ್ಕೆ ಸಿದ್ಧರಾಗಲು 2024ರಲ್ಲಿ ಡೆಬಿಯನ್, ಉಬುಂಟುಗಳು ನೂರಾರು ಲೈಬ್ರರಿಗಳ ಹೆಸರಿನ ಬಾಲಕ್ಕೆ ಟಿ64 ಎಂದು ಸೇರಿಸಿದವು. ಲಿಬ್‌ಅಸೌಂಡ್2 ಇದ್ದದ್ದು ಲಿಬ್‌ಅಸೌಂಡ್2ಟಿ64 ಆಯಿತು. ಹಳೆಯ ಹೆಸರನ್ನೇ ಚೀಟಿಯಲ್ಲಿ ಬರೆದುಕೊಂಡಿದ್ದ ಹೊರಗಿನ ಪ್ಯಾಕೇಜುಗಳು ಉಬುಂಟು 24.04ರ ಬಾಗಿಲಲ್ಲಿ ಮುಗ್ಗರಿಸಿದವು. ಮೇಸ್ತ್ರಿ ಊರಿನಲ್ಲೇ ಇದ್ದಾನೆ, ಅಂಗಡಿಯ ಫಲಕ ಮಾತ್ರ ಬದಲಾಗಿದೆ. ಹಳೆಯ ಹೆಸರು ಹೇಳಿ ಹುಡುಕಿದವನಿಗೆ ಸಿಗಲಿಲ್ಲ.

ಲೆಕ್ಕದವರು

ಎರಡನೆಯವರು ಇದನ್ನು ಗಣಿತದ ಸಮಸ್ಯೆಯಾಗಿ ಕಂಡರು. ಈ ಪ್ಯಾಕೇಜ್ ಇದ್ದರೆ ಅದು ಇರಬೇಕು, ಅದು ಇದ್ದರೆ ಇದು ಇರಬಾರದು: ಹೌದು-ಅಲ್ಲಗಳ ದೊಡ್ಡ ಗಂಟು. ಎಡೋಸ್ ಎಂಬ ಯುರೋಪಿನ ಸಂಶೋಧನಾ ಯೋಜನೆಯವರು 2006ರಲ್ಲಿ, ಒಂದು ಪ್ಯಾಕೇಜನ್ನು ಕೂರಿಸಲು ಸಾಧ್ಯವೇ ಎಂದು ತೀರ್ಮಾನಿಸುವ ಪ್ರಶ್ನೆ ಗಣಿತದಲ್ಲಿ ಎನ್‌ಪಿ-ಕಂಪ್ಲೀಟ್ ಎಂಬ ಕಠಿಣ ವರ್ಗಕ್ಕೆ ಸೇರಿದ್ದು ಎಂದು ತೋರಿಸಿದರು. ಎಲ್ಲ ಸಂದರ್ಭದಲ್ಲೂ ಬೇಗ ಉತ್ತರ ಕೊಡುವ ವಿಧಾನ ಈ ವರ್ಗದ ಪ್ರಶ್ನೆಗಳಿಗೆ ಯಾರಿಗೂ ಸಿಕ್ಕಿಲ್ಲ. ನಿಜಜೀವನದ ಭಂಡಾರಗಳು ಅಷ್ಟು ಕ್ರೂರವಾಗಿರುವುದಿಲ್ಲ ಎಂಬುದು ನಮ್ಮ ಪುಣ್ಯ. 2008ರಲ್ಲಿ ಓಪನ್‌ಸೂಸೆ 11.0, ಸ್ಯಾಟ್ ಸಾಲ್ವರ್ ಎಂಬ ತರ್ಕಯಂತ್ರವನ್ನೇ ಈ ಕೆಲಸಕ್ಕೆ ಹಚ್ಚಿತು. ಅದರಿಂದ ಬೆಳೆದ ಲಿಬ್‌ಸಾಲ್ವ್ ಡಿಎನ್‌ಎಫ್‌ನೊಳಗೂ ಕೂತಿದೆ. ಆಪ್ಟ್ ತನ್ನ ಹಳೆಯ ಅಂದಾಜಿನ ವಿಧಾನವನ್ನೇ ಬಹುಕಾಲ ನಂಬಿಕೊಂಡಿತ್ತು. 2025ರ ಏಪ್ರಿಲ್‌ನ ಆಪ್ಟ್ 3.0 ಹೊಸ ಸಾಲ್ವರ್ ಒಂದನ್ನು ಜತೆಗೆ ತಂದಿತು.

ಲೆಕ್ಕ ಸರಿಯಾದರೆ ಸಾಕೇ? 2021ರ ನವೆಂಬರ್‌ನಲ್ಲಿ ಲೈನಸ್ ಸೆಬಾಸ್ಟಿಯನ್ ಎಂಬ ಹೆಸರಾಂತ ಯೂಟ್ಯೂಬರ್, ಪಾಪ್ ಓಎಸ್ ಎಂಬ ವಿತರಣೆಯಲ್ಲಿ ಸ್ಟೀಮ್ ಎಂಬ ಆಟದ ತಂತ್ರಾಂಶ ಹಾಕಲು ಹೋದರು. ಆಪ್ಟ್ ಲೆಕ್ಕಹಾಕಿ, ಸ್ಟೀಮ್ ಬರಬೇಕಾದರೆ ಡೆಸ್ಕ್‌ಟಾಪ್ ಪೂರಾ ಹೋಗಬೇಕು ಎಂದಿತು. ಎಚ್ಚರಿಕೆಯನ್ನೂ ತೋರಿಸಿತು. "ಹೌದು, ನಾನು ಹೇಳಿದಂತೆ ಮಾಡು" ಎಂಬ ವಾಕ್ಯ ಟೈಪಿಸಿದರೆ ಮುಂದುವರಿಯುವುದಾಗಿ ಹೇಳಿತು. ಅವರು ಟೈಪಿಸಿದರು, ಡೆಸ್ಕ್‌ಟಾಪ್ ಹೋಯಿತು. ಉತ್ತರ ತರ್ಕಕ್ಕೆ ಸರಿ, ಮನುಷ್ಯನಿಗೆ ತಪ್ಪು. ಆ ವಾಕ್ಯದ ಬಾಗಿಲನ್ನು ಆಮೇಲೆ ಆಪ್ಟ್ ಬಿಗಿ ಮಾಡಿತು. ನನ್ನ ಮಟ್ಟಿಗೆ ಲೆಕ್ಕದವರ ಪಂಥ ಉಪಕಾರಿ, ಆದರೆ ಕಣಜದಲ್ಲಿ ಇಲ್ಲದ ಕಾಳನ್ನು ಯಾವ ಲೆಕ್ಕವೂ ಹುಟ್ಟಿಸುವುದಿಲ್ಲ.

ಬುತ್ತಿಯವರು

ಮೂರನೆಯ ಪಂಥದ ಕಥೆಯನ್ನು ನಮ್ಮ ಊರಿನಿಂದಲೇ ಶುರುಮಾಡಬಹುದು. ಕಲಬುರಗಿ ಎಂಜಿನಿಯರಿಂಗ್ ಓದುವವರ ಊರು. 1958ರ ಪಿ.ಡಿ.ಎ. ಕಾಲೇಜಿನಿಂದ ಹಿಡಿದು ಈಚಿನ ಶರಣಬಸವ ವಿಶ್ವವಿದ್ಯಾಲಯದವರೆಗೆ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳಿಗೆ ಇಲ್ಲಿ ಕೊರತೆಯಿಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಅಂದರೆ ವಿಟಿಯು, 2015 ಮತ್ತು 2018ರ ಸ್ಕೀಮುಗಳಲ್ಲಿ ಐದನೇ ಸೆಮಿಸ್ಟರಿಗೆ ಕಂಪ್ಯೂಟರ್ ನೆಟ್‌ವರ್ಕ್ ಲ್ಯಾಬ್ ಇಟ್ಟಿತ್ತು. ಅದರ ಮೊದಲ ಭಾಗಕ್ಕೆ ಎನ್‌ಎಸ್-2 ಅಥವಾ ಅಂಥದ್ದೇ ಸಿಮ್ಯುಲೇಟರ್ ಬೇಕು. ಪರೀಕ್ಷೆಗೆ ವಾರವಿದೆ ಅನ್ನುವಾಗ ಹುಡುಗರು ಲ್ಯಾಪ್‌ಟಾಪ್ ಬಗಲಲ್ಲಿಟ್ಟುಕೊಂಡು ಬಂದು "ಎನ್‌ಎಸ್ ಟೂ ಕೂಡ್ಲಾಕ ಒಲ್ಲದ್ರೀ" ಅನ್ನುತ್ತಿದ್ದರು. ಈ ಒಂದು ತಂತ್ರಾಂಶ ಮೂರನೆಯ ಪಂಥದ ಗುಣ ಅವಗುಣ ಎರಡನ್ನೂ ತೋರಿಸುತ್ತದೆ.

ಮೂರನೆಯ ಪಂಥದ ಮಾತು: ಯಾರ ಹಂಡೆಯೂ ಬೇಡ, ನಮ್ಮ ಬುತ್ತಿ ನಾವೇ ಕಟ್ಟಿಕೊಂಡು ಬರುತ್ತೇವೆ. ರೊಟ್ಟಿ, ಪಲ್ಯ, ಶೇಂಗಾ ಹಿಂಡಿ ಎಲ್ಲ ಒಂದೇ ಗಂಟಿನಲ್ಲಿ. ಎನ್‌ಎಸ್-2 ಬರುತ್ತಿದ್ದದ್ದೇ ಹಾಗೆ, ಎನ್‌ಎಸ್-ಆಲ್‌ಇನ್‌ಒನ್ ಎಂಬ ಹೆಸರಿನಲ್ಲಿ. 2011ರ ನವೆಂಬರ್‌ನ 2.35ನೇ ಆವೃತ್ತಿಯ ಗಂಟು ಬಿಚ್ಚಿದರೆ ಟಿಸಿಎಲ್ 8.5.10, ಟಿಕೆ, ಓಟಿಸಿಎಲ್, ಟಿಸಿಎಲ್‌ಸಿಎಲ್, ಚಿತ್ರ ತೋರಿಸುವ ನ್ಯಾಮ್, ಗ್ರಾಫ್ ಬರೆಯುವ ಎಕ್ಸ್‌ಗ್ರಾಫ್ ಎಲ್ಲ ಸಿಗುತ್ತವೆ. ಬುತ್ತಿಯಲ್ಲಿ ಇಲ್ಲದ್ದು ಒಂದೇ, ಒಲೆ: ಇದನ್ನು ಕಟ್ಟುವ ಕಂಪೈಲರ್. ಅದು ಊರಿನದೇ ಆಗಬೇಕು. ನಾಲ್ಕು ತಿಂಗಳ ನಂತರ, 2012ರ ಮಾರ್ಚಿನಲ್ಲಿ ಜಿಸಿಸಿ 4.7 ಬಂತು. ಸಿ ಪ್ಲಸ್ ಪ್ಲಸ್ ಭಾಷೆಯ ಒಂದು ನಿಯಮವನ್ನು ಹಿಂದಿನ ಆವೃತ್ತಿಗಳು ಸಡಿಲ ಬಿಟ್ಟಿದ್ದವು, ಇದು ಬಿಗಿಹಿಡಿಯಿತು. ಲಿಂಕ್‌ಸ್ಟೇಟ್ ಫೋಲ್ಡರಿನ ಎಲ್‌ಎಸ್ ಡಾಟ್ ಎಚ್ ಕಡತದ 137ನೇ ಸಾಲಿನಲ್ಲಿ ಇರೇಸ್ ಎಂದಿರುವ ಕಡೆ ಕಂಪೈಲರ್ ನಿಂತುಬಿಟ್ಟಿತು. ಆ ಪದಕ್ಕಿಂತ ಮೊದಲು ದಿಸ್ ಎಂದೂ ಬಾಣದ ಗುರುತೂ ಹಾಕಿದರೆ ಮುಂದೆ ಹೋಗುತ್ತದೆ. ಕಲಬುರಗಿಯ ಎಷ್ಟೋ ಹುಡುಗರಿಗೆ ಲೈಬ್ರರಿ ಅಂದರೆ ಏನು ಎಂದು ಗೊತ್ತಾಗುವ ಮೊದಲೇ ಈ ಸಾಲಿನ ನಂಬರ್ ಬಾಯಿಪಾಠವಾಗಿತ್ತು.

ಕಣಜದ ದಾರಿಯೂ ಇತ್ತು. ಉಬುಂಟು ಭಂಡಾರದಲ್ಲೇ ಎನ್‌ಎಸ್2, ನ್ಯಾಮ್ ಪ್ಯಾಕೇಜುಗಳಿದ್ದವು. ಹಾಕುವುದು ಸಲೀಸು. ಆದರೆ 18.04ರಲ್ಲಿ ನ್ಯಾಮ್ ತೆರೆದ ಕೂಡಲೇ ಸೆಗ್ಮೆಂಟೇಶನ್ ಫಾಲ್ಟ್ ಎಂದು ಬಿದ್ದುಹೋಗುತ್ತಿತ್ತು. ಹುಡುಗರು ಕಂಡುಕೊಂಡ ಉಪಾಯ, ಉಬುಂಟು 14ರ ಕಾಲದ ನ್ಯಾಮ್ ತಂದು ಕೂರಿಸಿ, ಅದು ಮತ್ತೆ ಹೊಸದಾಗದಂತೆ ಆಪ್ಟ್-ಮಾರ್ಕ್ ಹೋಲ್ಡ್ ಎಂದು ಮೊಳೆ ಹೊಡೆಯುವುದು. ಪರೀಕ್ಷೆ ಮುಗಿಯುತ್ತಿತ್ತು, ಮೊಳೆ ಉಳಿಯುತ್ತಿತ್ತು.

ಬುತ್ತಿಯ ವಿಚಾರವನ್ನು ಈಚಿನವರು ಅಚ್ಚುಕಟ್ಟು ಮಾಡಿದ್ದಾರೆ. 2004ರ ಕ್ಲಿಕ್‌ನಿಂದ ಬೆಳೆದ ಆಪ್‌ಇಮೇಜ್ ಒಂದೇ ಕಡತ. ಓಡಲು ಅನುಮತಿ ಕೊಟ್ಟು ಕ್ಲಿಕ್ಕಿಸಿದರೆ ಆಯಿತು. ಸರ್ವರ್ ಲೋಕಕ್ಕೆ 2013ರಲ್ಲಿ ಇಂಥದೇ ಗಂಟು ಕಟ್ಟುವ ಡಾಕರ್ ಬಂತು. 2016ರಲ್ಲಿ ಉಬುಂಟು ಸ್ನ್ಯಾಪ್ ಎಂಬ ತನ್ನ ಬುತ್ತಿಯನ್ನು ಡೆಸ್ಕ್‌ಟಾಪಿಗೆ ತಂದಿತು, ಅದೇ ವರ್ಷ ಫ್ಲಾಟ್‌ಪ್ಯಾಕ್ ಎಂಬ ಮತ್ತೊಂದು ಬುತ್ತಿ ಈಗಿನ ಹೆಸರು ಪಡೆಯಿತು. ಪ್ರೋಗ್ರಾಂ ಬರೆದವನು ತಾನು ಪರೀಕ್ಷಿಸಿದ ಲೈಬ್ರರಿಗಳನ್ನೇ ಕಟ್ಟಿ ಕಳಿಸುವುದರಿಂದ ಡಿಪೆಂಡೆನ್ಸಿ ಎರರ್ ಬಳಕೆದಾರನ ಕಣ್ಣಿಗೇ ಬೀಳುವುದಿಲ್ಲ. ಹೊರೆ ಎಲ್ಲಿ ಹೋಯಿತು? ಅರ್ಧ ಡೆವಲಪರ್ ತಲೆಗೆ, ಅರ್ಧ ನಮ್ಮ ಡಿಸ್ಕಿಗೆ. ಮೊದಲ ಸಲ ಒಂದು ಸಣ್ಣ ಫ್ಲಾಟ್‌ಪ್ಯಾಕ್ ಹಾಕಲು ಹೋದರೆ ಅದರ ರನ್‌ಟೈಮ್, ಅಂದರೆ ಅದು ನಂಬಿದ ಲೈಬ್ರರಿಗಳ ಗಂಟು, ನೂರಾರು ಎಂಬಿ ಇಳಿಯುತ್ತದೆ. ಜಿಯೊ ಡೇಟಾದ ದಿನದ ಪಾಲಿನಲ್ಲಿ ದೊಡ್ಡ ತುಂಡು ಅಲ್ಲಿಗೆ ಖಲಾಸ್. ಮತ್ತೊಂದು ಆಕ್ಷೇಪ ಅಧಿಕಾರದ್ದು: ಸ್ನ್ಯಾಪ್ ಅಂಗಡಿ ಒಂದೇ ಕಂಪನಿಯ ಕೈಯಲ್ಲಿದೆ ಎಂದು 2020ರಲ್ಲಿ ಲಿನಕ್ಸ್ ಮಿಂಟ್ 20 ಅದನ್ನು ತಾನಾಗಿ ಒಳಬರದಂತೆ ತಡೆಯಿತು.

ಗೂಡಿನವರು

ನಾಲ್ಕನೆಯವರು ಸಂಖ್ಯೆಯಲ್ಲಿ ಕಡಿಮೆ, ವಾದದಲ್ಲಿ ಗಟ್ಟಿ. ನೆದರ್ಲೆಂಡ್ಸ್‌ನ ಊಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ ಏಲ್ಕೊ ಡಾಲ್‌ಸ್ಟ್ರಾ 2006ರಲ್ಲಿ ಪಿಎಚ್‌.ಡಿ. ಪ್ರಬಂಧವಾಗಿ ಮಂಡಿಸಿದ ನಿಕ್ಸ್ ಇವರ ಮೂಲ. 2012ರ ಗೀಕ್ಸ್ ಇದರ ದಾಯಾದಿ. ಪ್ರತಿ ಪ್ಯಾಕೇಜಿಗೂ ಅದನ್ನು ಕಟ್ಟಿದ ಸಾಮಗ್ರಿಗಳಿಂದ ಲೆಕ್ಕಹಾಕಿದ ಒಂದು ಉದ್ದನೆಯ ಗುರುತು ಸಂಖ್ಯೆ, ಅದಕ್ಕೊಂದು ಬೇರೆ ಗೂಡು. ಒಂದೇ ಲೈಬ್ರರಿಯ ಹತ್ತು ಆವೃತ್ತಿಗಳು ಹತ್ತು ಗೂಡಿನಲ್ಲಿ ಒಂದನ್ನೊಂದು ಮುಟ್ಟದೆ ಇರಬಹುದು. ಇವರ ಪ್ರಕಾರ ಜಗಳಕ್ಕೆ ಮೂಲ ಎಲ್ಲ ಆವೃತ್ತಿಗಳನ್ನೂ ಒಂದೇ ಫೋಲ್ಡರಿಗೆ ಸುರಿಯುವ ಹಳೆಯ ಅಭ್ಯಾಸ. ಮಾತು ನಿಜ. ಆದರೆ ಇದನ್ನು ಬಳಸಲು ಒಂದು ಹೊಸ ಭಾಷೆಯನ್ನೇ ಕಲಿಯಬೇಕು. ಕಮಲಾಪುರದ ಅಟೆಂಡರ್‌ಗೆ ಇದನ್ನು ಕಲಿಸಿ ಬರುತ್ತೇನೆಂಬ ಧೈರ್ಯ ನನಗಿಲ್ಲ.

ಪಿಪ್ ತಂದ ತಗಾದೆ

ಈಗಿನ ವಿದ್ಯಾರ್ಥಿಗೆ ಎರರ್ ಬರುವುದು ಹೆಚ್ಚಾಗಿ ಆಪ್ಟ್‌ನಿಂದಲ್ಲ, ಪೈಥಾನ್ ಭಾಷೆಯ ಪ್ಯಾಕೇಜ್ ತರುವ ಪಿಪ್‌ನಿಂದ. ಪ್ರೋಗ್ರಾಮಿಂಗ್ ಭಾಷೆಗಳೆಲ್ಲ ತಮ್ಮದೇ ಕಣಜ ತೆರೆದಿವೆ. ಪಿಪ್ ಸರಿಯಾದ ಸಾಲ್ವರ್ ಪಡೆದದ್ದು 2020ರ ಕೊನೆಯಲ್ಲಿ, 20.3ನೇ ಆವೃತ್ತಿಯಲ್ಲಿ, ಅಲ್ಲಿಯವರೆಗೆ ಒಂದಕ್ಕೊಂದು ಹೊಂದದ ಆವೃತ್ತಿಗಳನ್ನೂ ಅದು ಹಾಕಿಬಿಡುತ್ತಿತ್ತು. ಪಿಪ್ ಮತ್ತು ಆಪ್ಟ್ ಒಂದೇ ಜಾಗಕ್ಕೆ ಕೈಹಾಕಿ ಜಗಳವಾಡುವುದನ್ನು ತಪ್ಪಿಸಲು ಡೆಬಿಯನ್ 12, ಉಬುಂಟು 23.04ರಿಂದ ಬೇಲಿ ಹಾಕಲಾಗಿದೆ. ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್ ಎಂಬ ಎರರ್ ಬಂದರೆ ಅರ್ಥ ಇಷ್ಟು: ಇದು ಆಪ್ಟ್‌ನ ಹೊಲ, ನೀನು ವೆನ್ವ್ ಎಂಬ ಪ್ರತ್ಯೇಕ ಜಾಗ ಮಾಡಿಕೊಂಡು ನಿನ್ನ ಪಾಲಿನಲ್ಲಿ ಬಿತ್ತು. ಬೇಲಿ ಹಾರುವ ಆಯ್ಕೆಯ ಹೆಸರಲ್ಲೇ ಬ್ರೇಕ್ ಸಿಸ್ಟಮ್ ಪ್ಯಾಕೇಜಸ್ ಎಂದಿದೆ. ಹೆಸರಿಟ್ಟವರು ಪ್ರಾಮಾಣಿಕರು.

ಎರರ್ ಓದುವ ಬಗೆ

ತೆಲಂಗಾಣದ ಗಡಿಗೆ ಹತ್ತಿದ ನಮ್ಮ ಸೇಡಂ ಕಡೆ ಮಕ್ಕಳಿಗೆ ಏಳು ಮೀನಿನ ಕಥೆ ಗೊತ್ತು. ಮೀನು ಯಾಕೆ ಒಣಗಲಿಲ್ಲ ಅಂದರೆ ಹುಲ್ಲು ಅಡ್ಡ ಬಂತು, ಹುಲ್ಲು ಯಾಕೆ ಉಳಿಯಿತು ಅಂದರೆ ಆಕಳು ಮೇಯಲಿಲ್ಲ, ಹೀಗೆ ಹೋಗಿ ಹೋಗಿ ಕೊನೆಗೆ ಇರುವೆ ಕಚ್ಚಿದ್ದೇ ಕಾರಣ ಎಂದು ಗೊತ್ತಾಗುತ್ತದೆ. ಆಪ್ಟ್‌ನ ಎರರ್ ಮೊದಲು ಹೇಳುವುದು ಮೀನಿನ ಹೆಸರು. ನಾವು ಹುಡುಕಬೇಕಾದದ್ದು ಇರುವೆ.

ಸಾಲಿನ ಕೊನೆ ನೋಡಿ. ನಾಟ್ ಇನ್‌ಸ್ಟಾಲೆಬಲ್ ಎಂದಿದ್ದರೆ ಆ ಹೆಸರಿನದು ನಿಮ್ಮ ಯಂತ್ರಕ್ಕೆ ಗೊತ್ತಿರುವ ಯಾವ ಭಂಡಾರದಲ್ಲೂ ಇಲ್ಲ: ಆಪ್ಟ್ ಅಪ್‌ಡೇಟ್ ಓಡಿಸಿಲ್ಲ, ಉಬುಂಟುವಿನ ಯೂನಿವರ್ಸ್ ಭಂಡಾರ ಮುಚ್ಚಿದೆ, ಇಲ್ಲವೇ ಟಿ64ರ ಹಾಗೆ ಹೆಸರೇ ಬದಲಾಗಿದೆ. ನಾಟ್ ಗೋಯಿಂಗ್ ಟು ಬಿ ಇನ್‌ಸ್ಟಾಲ್ಡ್ ಎಂದಿದ್ದರೆ ಪ್ಯಾಕೇಜ್ ಇದೆ, ಬೇರೆ ಯಾವುದೋ ಅಡ್ಡಗಾಲು ಹಾಕಿದೆ. ಆಗ ಅದೇ ಹೆಸರನ್ನು ಕೈಯಾರೆ ಇನ್‌ಸ್ಟಾಲ್ ಮಾಡಲು ಕೇಳಿದರೆ ಮುಂದಿನ ಕೊಂಡಿ ಬಾಯಿಬಿಡುತ್ತದೆ. ಒಂದು ಆವೃತ್ತಿ ಬೇಕು, ಮತ್ತೊಂದು ಬರಲಿದೆ ಎಂದಿದ್ದರೆ ಬೆರಕೆ ಆಗಿದೆ. ಆಪ್ಟ್-ಕ್ಯಾಶ್ ಪಾಲಿಸಿ ಎಂದು ಕೇಳಿದರೆ ಯಾವ ಆವೃತ್ತಿ ಯಾವ ಭಂಡಾರದಿಂದ ಬಂತು ಎಂಬ ಜಾತಕ ಸಿಗುತ್ತದೆ. ಕಡೆಗೆ ಬರುವ ಹೆಲ್ಡ್ ಬ್ರೋಕನ್ ಪ್ಯಾಕೇಜಸ್ ಎಂಬ ಮಾತನ್ನು ಪೂರ್ತಿ ನಂಬಬೇಡಿ. ಯಾವುದನ್ನೂ ಹೋಲ್ಡ್ ಮಾಡದಿದ್ದಾಗಲೂ ಆಪ್ಟ್ ಅದನ್ನು ಅನ್ನುತ್ತದೆ. ನಿಜವಾಗಿ ಮೊಳೆ ಇದೆಯೇ ಎಂದು ಆಪ್ಟ್-ಮಾರ್ಕ್ ಶೋಹೋಲ್ಡ್ ಹೇಳುತ್ತದೆ. ನ್ಯಾಮ್‌ಗೆ ಹೊಡೆದ ಮೊಳೆಗಳು ನನಗೆ ಸಿಕ್ಕಿದ್ದು ಹೀಗೆಯೇ. ಡಿಪಿಕೆಜಿಯಿಂದ ಅರ್ಧಕ್ಕೆ ನಿಂತದ್ದಕ್ಕೆ, ನೆಟ್ ಇದ್ದರೆ, ಆಪ್ಟ್ ಇನ್‌ಸ್ಟಾಲ್‌ಗೆ -ಎಫ್ ಸೇರಿಸಿ ಓಡಿಸಿದರೆ ಸಾಕು. ಏನೇನು ತೆಗೆದುಹಾಕುತ್ತೇನೆ ಎಂದು ಅದು ಕೊಡುವ ಪಟ್ಟಿಯನ್ನು ಓದದೆ ಮಾತ್ರ ವೈ ಒತ್ತಬೇಡಿ.

ನೆಟ್ ಇಲ್ಲದ ಊರಿನ ಲೆಕ್ಕ

ಮೇಲಿನ ನಾಲ್ಕೂ ಪಂಥಗಳು ಸದಾ ಓಡುವ ಇಂಟರ್ನೆಟ್ಟನ್ನು ಗ್ರಹಿಸಿಕೊಂಡೇ ಮಾತಾಡುತ್ತವೆ. ಕಮಲಾಪುರಕ್ಕೆ 2017ರಲ್ಲಿ ಬೀದರ್–ಕಲಬುರಗಿ ರೈಲು ಬಂತು, ತಾಲ್ಲೂಕಿನ ಪಟ್ಟವೂ ಸಿಕ್ಕಿತು. ಆ ಲ್ಯಾಬಿಗೆ ಮಾತ್ರ ತಂತಿ ಬಂದಿರಲಿಲ್ಲ.

ಇದಕ್ಕೆ ಒಳ್ಳೆಯ ಉತ್ತರ ಬರೆದವರು ಭಾರತದವರೇ ಆದ ಡೆಬಿಯನ್ ಡೆವಲಪರ್ ರಿತೇಶ್ ರಾಜ್ ಸರ್ರಾಫ್. ಅವರ ಆಪ್ಟ್-ಆಫ್‌ಲೈನ್, ನೆಟ್ ಇಲ್ಲದ ಯಂತ್ರದಲ್ಲಿ ಬೇಕಾದದ್ದರ ಪಟ್ಟಿ ಬರೆದುಕೊಡುತ್ತದೆ. ಪಟ್ಟಿಯನ್ನು ಪೆನ್ ಡ್ರೈವಿನಲ್ಲಿ ಒಯ್ದು ನೆಟ್ ಇದ್ದ ಕಡೆ, ಅದು ವಿಂಡೋಸ್ ಯಂತ್ರವಾದರೂ ಸರಿ, ಇಳಿಸಿಕೊಂಡು ಬಂದರೆ ಬೀಗರೆಲ್ಲ ಒಂದೇ ಬಸ್ಸಿನಲ್ಲಿ ಬರುತ್ತಾರೆ. ನಾನು ಇದನ್ನು ಮೊದಲ ದಿನವೇ ಮಾಡಿದ್ದರೆ ಎರಡನೆಯ ಸಲ ಬಂದಾಗಲೂ ಕೊರತೆ ಬೀಳುತ್ತಿರಲಿಲ್ಲ. ಕೊನೆಗೆ ಅಂದು ಮಾಡಿದ್ದು ಕಚ್ಚಾ ಉಪಾಯ: ಅಂಗಳಕ್ಕೆ ಒಂದು ಯಂತ್ರ ಹೊತ್ತು ತಂದು, ಮೊಬೈಲ್ ಹಾಟ್‌ಸ್ಪಾಟಿನಿಂದ ಅದರಲ್ಲಿ ಎಲ್ಲ ಇಳಿಸಿ, ಆಪ್ಟ್ ಕ್ಯಾಶ್ ಫೋಲ್ಡರಿನ ಕಡತಗಳನ್ನು ಉಳಿದವಕ್ಕೆ ಹಂಚುವುದು. ಇಲ್ಲೊಂದು ಸೂಕ್ಷ್ಮವಿದೆ. ಆಪ್ಟ್-ಗೆಟ್ ಇಳಿಸಿದ ಕಡತಗಳನ್ನು ಇಟ್ಟುಕೊಳ್ಳುತ್ತದೆ. ಆಪ್ಟ್ ಎಂದಷ್ಟೇ ಬರೆದರೆ ಕೆಲಸ ಮುಗಿದ ಕೂಡಲೇ ಅಳಿಸಿಹಾಕುತ್ತದೆ. ಹಂಚಬೇಕೆಂದಿದ್ದರೆ ಹಳೆಯ ಆಜ್ಞೆಯೇ ಲೇಸು. ಯಂತ್ರಗಳು ಪರಸ್ಪರ ಕೇಬಲ್ಲಿನಲ್ಲಿ ಸೇರಿದ್ದರೆ ಒಂದರಲ್ಲಿ ಆಪ್ಟ್-ಕ್ಯಾಶರ್-ಎನ್‌ಜಿ ಇಟ್ಟು, ಒಮ್ಮೆ ಬಂದ ಪ್ಯಾಕೇಜನ್ನು ಎಲ್ಲಕ್ಕೂ ಉಣಬಡಿಸಬಹುದು.

ಇನ್ನೊಂದು ದಾರಿ, ಎಲ್ಲವನ್ನೂ ಹಾಕಿಸಿಯೇ ಕೊಡುವುದು. ಕೇರಳದ ಶಾಲೆಗಳಿಗೆ ಅಲ್ಲಿನ ಸರಕಾರದ ಕೈಟ್ ಸಂಸ್ಥೆ ತನ್ನದೇ ಸಿದ್ಧ ಲಿನಕ್ಸ್ ಕೊಡುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕನ್ನಡದ ಐಸಿಟಿ ಪುಸ್ತಕ ಇಟ್ಟುಕೊಂಡು ಕಲಿಯುತ್ತಾರೆ. ಕೇಂದ್ರ ಸರಕಾರದ ಸಿ-ಡ್ಯಾಕ್‌ನ ಬಾಸ್ ಲಿನಕ್ಸ್ ಡೆಬಿಯನ್ ಆಧಾರದ ಇಂಥದೇ ಪ್ರಯತ್ನ. ಬಳಸುವವನ ಮೇಲಿನ ಹೊರೆ ಇಲ್ಲಿ ಸರಕಾರ ಹೊತ್ತಿದೆ. ನೆಟ್ ದುಬಾರಿಯಾದ, ಯಂತ್ರ ಹಳೆಯದಾದ ಊರಿಗೆ ನನ್ನ ಮತ ಇದಕ್ಕೇ: ಬಹುಕಾಲ ದುರಸ್ತಿ ಸಿಗುವ ಒಂದೇ ಎಲ್‌ಟಿಎಸ್ ಆವೃತ್ತಿ, ಒಂದೇ ಕಣಜ, ಜಿಲ್ಲೆಯಲ್ಲಿ ಎಲ್ಲೋ ಒಂದು ಕಡೆ ಅದರ ಪೂರ್ಣ ಪ್ರತಿ. ಬುತ್ತಿ ಕಟ್ಟುವುದು ಕಣಜದಲ್ಲಿ ಇಲ್ಲದ್ದಕ್ಕೆ ಮಾತ್ರ.

ಇನ್ನೂ ಇತ್ಯರ್ಥವಾಗದ್ದು

ಬುತ್ತಿಯೊಳಗಿನ ಲೈಬ್ರರಿಯಲ್ಲಿ ತೂತು ಬಿದ್ದರೆ ಮುಚ್ಚುವವರು ಯಾರು? ಕಣಜದಲ್ಲಿ ಒಂದು ಕಡೆ ಆಗುತ್ತಿದ್ದ ದುರಸ್ತಿ ಈಗ ನೂರು ಗಂಟುಗಳಲ್ಲಿ ಆಗಬೇಕು. ಫ್ಲಾಟ್‌ಪ್ಯಾಕ್‌ನವರು ಸಾಮಾನ್ಯ ರನ್‌ಟೈಮ್‌ನಿಂದ ಅರ್ಧ ಉತ್ತರ ಕೊಟ್ಟಿದ್ದಾರೆ. ಉಳಿದರ್ಧ ಡೆವಲಪರ್‌ನ ಮರ್ಜಿಗೆ ಬಿಟ್ಟದ್ದು.

ಕಣಜವಾದರೂ ಭದ್ರವೇ? 2024ರ ಮಾರ್ಚಿನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಎಂದು ಬೆನ್ನಟ್ಟಿ ಹೋಗಿ, ಎಕ್ಸ್‌ಝಡ್ ಎಂಬ ಕಡತ ಒತ್ತುವ ಲೈಬ್ರರಿಯಲ್ಲಿ ಯಾರೋ ಹಿಂಬಾಗಿಲು ಕೊರೆದಿಟ್ಟಿದ್ದನ್ನು ಕಂಡುಹಿಡಿದರು. ದೂರದ ಯಂತ್ರಕ್ಕೆ ಲಾಗಿನ್ ಮಾಡಿಸುವ ಎಸ್‌ಎಸ್‌ಎಚ್‌ಗೂ ಆ ಲೈಬ್ರರಿಗೂ ನೇರ ಸಂಬಂಧವೇ ಇರಲಿಲ್ಲ. ವಿತರಣೆಗಳು ಮಾಡಿಕೊಂಡ ಸಣ್ಣ ತಿದ್ದುಪಡಿಯಿಂದ, ಯಂತ್ರದ ಸರ್ವೀಸುಗಳನ್ನು ನಡೆಸುವ ಸಿಸ್ಟಮ್‌ಡಿಯ ಮೂಲಕ, ದೂರದ ಬೀಗತನ ಬೆಳೆದಿತ್ತು. ಎರರ್ ಕೊಡುವ ಡಿಪೆಂಡೆನ್ಸಿಯಾದರೂ ಕಣ್ಣಿಗೆ ಕಾಣುತ್ತದೆ. ತಕರಾರಿಲ್ಲದೆ ಬಂದು ಕೂರುವುದನ್ನು ಯಾರು ಪರೀಕ್ಷಿಸುತ್ತಾರೆ?

ಆವೃತ್ತಿಗಳ ಜಗಳವನ್ನು ಗಣಿತದ ಕಷ್ಟಕ್ಕೇ ಸಿಗದಂತೆ ಬರೆಯಬಹುದೇ ಎಂಬುದು ಮತ್ತೊಂದು ತೆರೆದ ಪ್ರಶ್ನೆ. ಗೋ ಭಾಷೆಗೆ ರಸ್ ಕಾಕ್ಸ್ 2018ರಲ್ಲಿ, ಸಾಕಾಗುವಷ್ಟು ಹಳೆಯ ಆವೃತ್ತಿಯನ್ನೇ ಆರಿಸುವ ಸರಳ ನಿಯಮ ತಂದು ಸಾಲ್ವರನ್ನೇ ಬಿಟ್ಟುಕೊಟ್ಟರು. ಅದು ಇಡೀ ವಿತರಣೆಗೆ ಒಗ್ಗುತ್ತದೆಯೇ ಎಂಬ ವಾದ ಮುಗಿದಿಲ್ಲ.

ಹಾಗೆಯೇ, ನೋಡಿಕೊಳ್ಳುವವರು ಬಿಟ್ಟುಹೋದ, ಆದರೂ ಸಿಲೆಬಸ್ ಬಿಡದ ತಂತ್ರಾಂಶಕ್ಕೆ ನಾಲ್ಕೂ ಪಂಥಗಳಲ್ಲಿ ಉತ್ತರವಿಲ್ಲ. ಎನ್‌ಎಸ್-2ರ 2.35 ಬಂದು ಹತ್ತು ವರ್ಷದ ಮೇಲಾಯಿತು. ಆಲ್‌ಇನ್‌ಒನ್ ಗಂಟನ್ನು ಇವತ್ತು ಇಳಿಸಿಕೊಂಡರೂ ಆ 137ನೇ ಸಾಲನ್ನು ಕೈಯಿಂದಲೇ ತಿದ್ದಬೇಕು.